ಒಕ್ಕಣ್ಣಿನ ಬುರುಡೆ

ಉಗುರಿನ ಸಂದಿಯಲ್ಲಿ ಅಂಟು ಇನ್ನೂ ಇದೆ, ಕಪ್ಪಗೆ, ಕೂದಲೆಳೆಯಷ್ಟು, ಸೋಪು ಹಚ್ಚಿ ಉಜ್ಜಿದರೂ ಹೋಗಿಲ್ಲ, ಯಾರಾದರೂ ನೋಡಿಬಿಟ್ಟರೆ — ಯಾರು ನೋಡುತ್ತಾರೆ, ಆಸ್ಪತ್ರೆಯಲ್ಲಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತವಳ ಉಗುರನ್ನು ನೋಡುವಷ್ಟು ಪುರುಸೊತ್ತು ಯಾರಿಗಿದೆ, ಆದರೂ ಇವಳು ಕೈಯನ್ನು ಬ್ಯಾಗಿನಡಿಗೆ ಸರಿಸುತ್ತಾಳೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಮಂಚದ ಮೇಲೆ ರೇಡಿಯೋ ಅಕ್ಕ, ಕಾರ್ಖಾನೆಯ ಗೇಟು ತೆರೆದಾಗ ಶುರುವಾದರೆ ಬೀಗ ಬೀಳುವತನಕ ನಿಲ್ಲದ ಬಾಯಿ, ಅದಕ್ಕೇ ಆ ಹೆಸರು, ಈಗ ತುಟಿ ಸಿಪ್ಪೆ ಎದ್ದಿದೆ, ಸ್ಟೇಷನ್ನೇ ಬಂದ್ ಆಯ್ತಲ್ಲ ಅತ್ತಿಗೆ, ಎನ್ನುತ್ತಾಳೆ ನಾದಿನಿ, ಚಮಚದಲ್ಲಿ ನೀರು ಹಿಡಿದು, ಬಾಯಿ ತೆಗಿ, ನಲ್ಲಿ ನೀರು ಇದು, ಆಸಿಡ್ ಅಲ್ಲ, ಸಾಕು ನಾಟಕ, ನಿನ್ನ ಬಟ್ಟೆ ಒಗೆದು ಒಗೆದು ನನ್ನ ಸೊಂಟ ಬಿದ್ದುಹೋಯ್ತು — ಚಮಚ ತುಟಿಗೆ ತಾಗಿದ್ದೇ ತಡ ಆ ಮೈ ಬಿಲ್ಲಿನ ಹಾಗೆ ಬಾಗುತ್ತದೆ, ಓಕರಿಕೆ, ಏನೂ ಇಲ್ಲದ ಹೊಟ್ಟೆಯಿಂದ ಓಕರಿಕೆ, ಆಮೇಲೆ ಕೆಂಪು ಎಳೆಯೊಂದು ದಿಂಬಿನ ಮೇಲೆ. ಆ ಕೆಂಪು ಮೊದಲ ದಿನ ಇರಲಿಲ್ಲ. ಮೊದಲ ದಿನ ನಳಿಕೆ ಇಳಿಸಿ ನೋಡಿದಾಗ ಗಂಟಲು ಮಗುವಿನ ಗಂಟಲಿನ ಹಾಗಿತ್ತಮ್ಮ, ಒಂದು ಗೀರು ಇರಲಿಲ್ಲ, ಓಕರಿಸಿ ಓಕರಿಸಿ ಒಳಗೆ ತಾವೇ ಹರ್ಕೊಂಡಿದಾರೆ, ಈಗ ನಿಜವಾದ ಗಾಯ ಆಗಿದೆ, ಇನ್ನೊಂದ್ಸಲ ಹರಿದ್ರೆ ನಮ್ಮ ಕೈಲಿಲ್ಲ, ಎಂದಿದ್ದರು ಡಾಕ್ಟರು ಬಾಗಿಲ ಹೊರಗೆ, ನಾದಿನಿ ಆಕಳಿಸುತ್ತ ಕೇಳಿದ್ದಳು, ಇವಳು ಉಗುರು ನೋಡುತ್ತ ಕೇಳಿದ್ದಳು.

ನೀರು, ಬರೀ ನೀರು, ಅದನ್ನು ಇವಳಷ್ಟು ಬಲ್ಲವರಿಲ್ಲ. ಬೆಲ್ಟಿನ ಬಕಲ್ಲುಗಳಿಗೆ ಗಿಲೀಟು ಹಾಕುವ ಕಾರ್ಖಾನೆ, ಆಸಿಡ್ಡಿಗೆಂದು ನೀಲಿ ಡ್ರಮ್ಮುಗಳು ಬಂದಿದ್ದವು, ಹೊಚ್ಚ ಹೊಸವು, ಖಾಲಿ, ಬುರುಡೆ ಚಿತ್ರದ ಚೀಟಿಯನ್ನು ಮೊದಲೇ ಅಂಟಿಸಿಕೊಂಡು, ಒಂದು ಹೆಚ್ಚಾಗಿತ್ತು, ಇದು ಕುಡಿಯೋ ನೀರಿಗಿರಲಿ, ಯಾರಾದ್ರೂ ಚೀಟಿ ಕೆರೆದು ನೀರು ತುಂಬ್ಸ್ರೋ, ಎಂದು ಮೇಸ್ತ್ರಿ ಗಾಳಿಗೆ ಹೇಳಿ ಹೋಗಿದ್ದ, ಗಾಳಿಗೆ ಹೇಳಿದ ಕೆಲಸವೆಲ್ಲ ಕೊನೆಗೆ ಇವಳ ಪಾಲು, ಬಾಯಿ ಇಲ್ಲದವಳ ಪಾಲು, ಬಿ.ಎ. ಓದಿ ಚೀಟಿ ಬರೆಯುತ್ತ ಡಿಗ್ರಿ ಎಂದೇ ಹೆಸರಾದವಳ ಪಾಲು. ಒಬ್ಬಳೇ ತುಂಬಿದಳು, ಒಂದು ಮಗ್ಗು ಕುಡಿದೂ ನೋಡಿದಳು, ತಣ್ಣಗಿತ್ತು, ಆಮೇಲೆ ಬ್ಲೇಡು ಹಿಡಿದು ಕೆರೆಯತೊಡಗಿದಳು, ಬುರುಡೆಯ ಒಂದು ಕಣ್ಣು ಹೋಯಿತು, ಅಷ್ಟರಲ್ಲಿ ಪ್ಯಾಕಿಂಗಿನವರು ಏ ಡಿಗ್ರೀ ಎಂದು ಕೂಗಿದರು, ಉಳಿದದ್ದು ನಾಳೆ ಕೆರೆದರಾಯಿತು ಎಂದು ಡ್ರಮ್ಮಿನ ಮುಖವನ್ನು ಗೋಡೆಗೆ ತಿರುಗಿಸಿ ಹೋದಳು. ನೆಲ ಒರೆಸುವಾಕೆ ಅದನ್ನು ಈಚೆ ತಿರುಗಿಸಿಟ್ಟಿರಬೇಕು, ಯಾರಿಗೆ ಗೊತ್ತು. ಬೆಳಿಗ್ಗೆ ರೇಡಿಯೋ ಅಕ್ಕ ಮಗ್ಗು ಅದ್ದಿ ಗಟಗಟ ಕುಡಿದು ಮುಂಗೈಯಲ್ಲಿ ಬಾಯಿ ಒರೆಸಿಕೊಂಡು, ನಮ್ಮನೆಯವರ ಗೊರಕೆ ಕೇಳಿ ಎದುರುಮನೆ ನಾಯಿ ಏನ್ಮಾಡ್ತು ಗೊತ್ತೇನ್ರೇ, ಎಂದು ಕಣ್ಣು ಕೆಳಗೆ ಹಾಕಿದಳು, ಡ್ರಮ್ಮಿನ ಮೇಲಿನ ಬುರುಡೆ ನೋಡಿದಳು. ನಾಯಿ ಏನು ಮಾಡಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಬಚ್ಚಲಿಗೆ ಓಡಿ ಬೆರಳು ಗಂಟಲಿಗೆ ಹಾಕಿಕೊಂಡು ಬಂದಳು, ಉರಿ, ಉರೀತದೆ ಕಣ್ರೇ, ಒಳಗೆಲ್ಲ ಉರೀತದೆ, ಹೆಂಗಸರು ಮೊದಲು ನಕ್ಕರು, ಮೇಸ್ತ್ರಿ ಬಂದು ಹೊಟ್ಟೆ ಹಿಡಿದು ನಕ್ಕ, ಆಸಿಡ್ ಗಾಡಿ ಇನ್ನೂ ಬಂದೇ ಇಲ್ಲ ಕಣವ್ವಾ, ನೋಡು ನಾನೂ ಕುಡೀತೀನಿ, ಸತ್ನಾ, ಎಂದು ಮಗ್ಗು ಎತ್ತಿ ಗಂಟಲಿಗೆ ಸುರಿದುಕೊಂಡ, ನಾ ಬಚ್ಚಲಿಗೆ ಹೋದಾಗ ನೀರು ಬದಲಾಯಿಸಿದೀರ, ಸಾಯೋರ ಹತ್ರ ಎಲ್ರೂ ಸಿಹಿ ಮಾತೇ ಆಡೋದು, ಎಂದಳು ರೇಡಿಯೋ ಅಕ್ಕ, ಆಮೇಲೆ ಅಷ್ಟು ಜನರ ನಡುವೆ ಇವಳ ಕೈಯನ್ನೇ ಹಿಡಿದಳು, ಲೇ ಡಿಗ್ರಿ, ನೀ ಹೇಳು, ನಿಂಗೆ ಸುಳ್ಳು ಬರಲ್ಲ, ನೀ ಹೇಳಿದ್ರೆ ನಂಬ್ತೀನಿ, ಏನಿತ್ತೇ ಅದ್ರಲ್ಲಿ — ಆ ಬಿಸಿ ಕೈ, ಒದ್ದೆ ಕೈ, ಹಿಂದಿನಿಂದ ಮೇಸ್ತ್ರಿಯ ದನಿ, ಚೀಟಿ ಕೆರೀದೆ ಬಿಟ್ಟ ಕತ್ತೆ ಯಾವುದು, ಹೆಸರು ಗೊತ್ತಾಗ್ಲಿ, ಇವತ್ತೇ ಮನೆಗೆ ಕಳಿಸ್ತೀನಿ — ಇವಳ ಬಾಯಿಂದ ಬಂದದ್ದು ಒಂದೇ ಮಾತು, ಗೊತ್ತಿಲ್ಲ. ಮಾತು ಆಡಿದರೆ ಹೋಯಿತು. ರೇಡಿಯೋ ಅಕ್ಕನ ಮುಖ ಆಗ ಬಿಳಿಚಿತು, ಅದಕ್ಕೆ ಮುಂಚೆ ಅಲ್ಲ, ಡ್ರಮ್ಮು ನೋಡಿದಾಗಲೂ ಅಲ್ಲ, ಆ ಮಾತು ಕಿವಿಗೆ ಬಿದ್ದ ಮೇಲೆ, ಗೊತ್ತಿಲ್ಲ ಎಂಬುದನ್ನೇ ಗುಟುಕರಿಸಿದವಳ ಹಾಗೆ ಕುಸಿದಳು, ಇವಳು ಕಣ್ಣಾರೆ ಕಂಡಳು, ಕಂಡೂ ಬಾಯಿ ಬಿಡಲಿಲ್ಲ, ಕೆಲಸ ಉಳಿಯಿತು, ಸಂಜೆ ಚೀಟಿಯನ್ನು ಕೆರೆಯಲು ಹೋದರೆ ಕೈ ಬರಲಿಲ್ಲ, ಬುರುಡೆ ಉಳಿದ ಒಂದೇ ಕಣ್ಣಿನಲ್ಲಿ ಇವಳನ್ನೇ ನೋಡುತ್ತಿತ್ತು, ಈಗಲೂ, ಗೋಡೆಯ ಬಿಳಿ ಸುಣ್ಣದಲ್ಲಿ, ಚಮಚದ ಬೆನ್ನಿನಲ್ಲಿ.

ಬೆಳಿಗ್ಗೆಯಿಂದ ಇವಳ ಗಂಟಲಿನಲ್ಲೂ ಏನೋ. ನಾನೇ ತುಂಬಿದ್ದು, ನಲ್ಲಿ ತಿರುಗಿಸಿದ ಕೈ ನನ್ನದು, ನಾನೂ ಕುಡಿದೆ, ಏನೂ ಆಗಲಿಲ್ಲ, ಎಂದು ತಲೆ ಹೇಳುತ್ತದೆ, ಗಂಟಲು ಕೇಳುವುದಿಲ್ಲ, ಗಂಟಲು ಡಿಗ್ರಿ ಓದಿಲ್ಲ, ಉಗುಳು ನುಂಗಿದರೆ ಚುರುಕ್ ಎನ್ನುತ್ತದೆ. ನಾದಿನಿ ಚಮಚವನ್ನು ತಟ್ಟೆಗೆ ಎಸೆದು, ಸ್ವಲ್ಪ ನೋಡ್ಕೊಳೇ, ಚಾ ಕುಡ್ದು ಬರ್ತೀನಿ, ಎಂದು ಚಪ್ಪಲಿ ಎಳೆಯುತ್ತ ಹೋದಳು, ಈಗ ಇಬ್ಬರೇ, ದಿಂಬಿಗೆ ಒತ್ತಿದ ಮುಖ ಸ್ವಲ್ಪ ಹೊರಳಿತು, ಒಂದು ಕಣ್ಣು ದಿಂಬಿನಲ್ಲಿ ಹೂತಿದೆ, ಒಂದೇ ತೆರೆದಿದೆ, ಏನಿತ್ತೇ ಅದ್ರಲ್ಲಿ, ದನಿಯಲ್ಲ, ಉಸಿರು — ನೀರು ಅಕ್ಕಾ, ಎಂದಳು ಇವಳು, ಗಟ್ಟಿಯಾಗಿ, ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ಬರೀ ನೀರು, ನಾನೇ ತುಂಬಿದ್ದು, ಚೀಟಿ ಕೆರೀದೆ ಬಿಟ್ಟವಳು ನಾನೇ. ರೇಡಿಯೋ ಅಕ್ಕ ನಕ್ಕ ಹಾಗಾಯಿತು, ಒಣಗಿದ ಕೈ ಬಂದು ಇವಳ ಕೈಯನ್ನು ತಟ್ಟಿತು, ನೀನೂ ಕಲಿತ್ಯಲ್ಲೇ ಸಿಹಿ ಮಾತು, ಎಂದಿತು ಉಸಿರು, ಮೈ ಮತ್ತೆ ಬಾಗತೊಡಗಿತು, ಬಿಲ್ಲಿನ ಹಾಗೆ, ಆ ಕಣ್ಣು ಮಾತ್ರ ಕದಲದೆ, ಒಂದು ಕೆರೆದು ಹೋಗಿದೆ, ಇನ್ನೊಂದು ನೋಡುತ್ತಿದೆ, ಒಂದು ಕೆರೆದು ಹೋಗಿದೆ, ಇನ್ನೊಂದು