ಗಾಯಕರು ಬಿಟ್ಟುಹೋದ ಕಂಬಳಿ

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಅಷ್ಟು ದಿನ ಯಾರು ಹಿಡಿಯುತ್ತಿದ್ದರೋ ಗೊತ್ತಿಲ್ಲ. ಆವತ್ತು ನಾನೇ ಹಿಡಿದೆ. ನೆಂಟರು ಹೋಗಿಯಾಗಿತ್ತು. ಕೂತೆ, ಎದ್ದೆ. ಬೀದಿ ಬಾಗಿಲು ತೆಗೆದೆ, ಮುಚ್ಚಿದೆ. ಅತ್ತೆ ಕಾಟಮ್ಮ ಗೋಡೆಗೊರಗಿಕೊಂಡೇ, "ಒಂದ್ಕಡೆ ಕುಂತ್ಕಳೇ ಲತಾ, ನಿನ್ನ ನೋಡಿದ್ರೆ ನಂಗೆ ತಲೆ ತಿರುಗ್ತೈತೆ" ಅಂದರು.

ಅಷ್ಟರಲ್ಲಿ ಮಂಜಣ್ಣನ ಫೋನ್ ಬಂತು. ನನ್ನ ಗಂಡ ದಯಾನಂದ 'ಜೂನಿಯರ್ ವಿಜಯರಂಗ' ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಆರ್ಕೆಸ್ಟ್ರಾದ ಯಜಮಾನ.

"ಲತವ್ವ, ಹೊಸದುರ್ಗದಾಗೆ ಒಂದು ಎಡವಟ್ಟಾಗೈತೆ. ಬೈಕೋಬ್ಯಾಡ."

ಅಲ್ಲಿನ ಅಭಿಮಾನಿಗಳು ಬಸ್ ಸ್ಟ್ಯಾಂಡ್ ಎದುರು ದಯಾನಂದನಿಗೆ ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಿಸಿದ್ದರು. ಫ್ಲೆಕ್ಸ್ ಮಾಡುವವನ ಕಂಪ್ಯೂಟರಿನಲ್ಲಿ ಇದ್ದದ್ದು ನಿಜವಾದ ವಿಜಯರಂಗನ, ಆ ಹೆಸರಾಂತ ಗಾಯಕನ ಫೋಟೊ. ಅದನ್ನೇ ದೊಡ್ಡದಾಗಿ ಹಾಕಿ, 'ಜೂನಿಯರ್' ಎಂಬುದನ್ನು ಮೂಲೆಯಲ್ಲಿ ಸಣ್ಣದಾಗಿ ಬರೆದಿದ್ದ.

"ದೊಡ್ಡೋರೇ ಹೋದ್ರು ಅಂತ ಜನ ಊದುಬತ್ತಿ ಹಚ್ಚವ್ರೆ. ಒಬ್ಳು ಮುದುಕಿ ಅಳ್ತಾ ಕುಂತವ್ಳಂತೆ. ಅವನ ಮುಖ ಇರೋ ಒಂದು ಫೋಟೊ ಕಳ್ಸವ್ವ, ಬ್ಯಾರೆ ಮಾಡ್ಸಾಣ."

ಮದುವೆಯ ಫೋಟೊ ಕಳಿಸಿದೆ. ಅದನ್ನು ಹುಡುಕುವಾಗ ಅವನ ಫೋನಿನಲ್ಲಿದ್ದ ವಿಡಿಯೊಗಳು ಸಿಕ್ಕವು. ಒಂದೊಂದಾಗಿ ಹಾಕಿದೆ. ಹಾಡು ಇರಲಿ, ನಡುವೆ "ನಮಸ್ಕಾರ ಹಿರಿಯೂರು" ಎನ್ನುವುದೂ ವಿಜಯರಂಗನ ದನಿಯಲ್ಲೇ. ಮೂಗಿನಿಂದ ಹೊರಟು, ಕೊನೆಯ ಅಕ್ಷರದಲ್ಲಿ ಎಳೆಯುವ ದನಿ. ನನಗೆ ಮೆಸೇಜನ್ನು ಟೈಪ್ ಮಾಡಿಯೇ ಕಳಿಸುತ್ತಿದ್ದ. ಗಂಟಲು ಕೆಡಬಾರದೆಂದು ಕಾರ್ಯಕ್ರಮದ ಹಿಂದಿನ ಎರಡು ದಿನ ಮನೆಯಲ್ಲಿ ಕೈಸನ್ನೆ. ಉಳಿದ ದಿನ ಅಭ್ಯಾಸ. ಅನ್ನ ಕೇಳುವುದೂ ವಿಜಯರಂಗನ ದನಿಯಲ್ಲೇ, ಅದೂ ಅಭ್ಯಾಸವೇ.

"ಮನೆಯಲ್ಲಾದರೂ ನೀವಾಗಿರಿ" ಎಂದು ನಾನು ಅನ್ನುತ್ತಿದ್ದೆ. ಒಮ್ಮೆ, ಸಿಟ್ಟಿನಲ್ಲಿ, "ನಕಲಿನ ಜೊತೆ ಎಷ್ಟು ದಿನ ಸಂಸಾರ ಮಾಡಲಿ" ಅಂದಿದ್ದೆ. ಅವನು ನಕ್ಕಿದ್ದ. ನಗುವುದಕ್ಕೆ ದನಿ ಬೇಕಾಗುವುದಿಲ್ಲ.

ಹೊಳಲ್ಕೆರೆ ರಸ್ತೆಯಲ್ಲಿ ಅವನ ಬೈಕು ಲಾರಿಗೆ ಬಡಿದ ದಿನದಿಂದ ನಾನು ಅತ್ತಿಲ್ಲ. ಅವನನ್ನು ನೆನೆಯಲು ಹೋದರೆ ಕಿವಿಗೆ ವಿಜಯರಂಗ ಬರುತ್ತಾನೆ. ನನ್ನ ಗಂಡನ ದನಿ ಹೇಗಿತ್ತು ಎಂಬುದು ನನಗೆ ಮರೆತುಹೋಗಿತ್ತು.

ಮಂಜಣ್ಣನಿಗೆ ಮತ್ತೆ ಫೋನ್ ಮಾಡಿದೆ. "ಅವರ ಸ್ವಂತ ದನಿ ಇರೋ ರೆಕಾರ್ಡಿಂಗ್ ನಿಮ್ಮ ಹತ್ರ ಇದೆಯಾ?"

"ಸ್ವಂತ ದನೀನಾ? ಅದನ್ನ ಯಾರು ಕೇಳ್ತಿದ್ರವ್ವ! ಒಂದ್ಸಲ ಮೈಕಿನಾಗೆ ಕೆಮ್ಮಿದ್ದ, ಅದೂ ವಿಜಯರಂಗ ಕೆಮ್ಮಿದಂಗೇ ಇತ್ತು." ಆಮೇಲೆ ನೆನಪಾದವನಂತೆ ಕೇಳಿದ. "ಅವನು ಹೊದ್ಕಂಡು ಹಾಡ್ತಿದ್ದ ಆ ಕಂಬಳಿ ನಿಮ್ಮನೇಲೇ ಐತಾ? ಯಲ್ಲದಕೆರೆ ಪಾಲಯ್ಯಂದು ಅದು. ಒಂದೇ ಪ್ರೋಗ್ರಾಮು ಅಂತ ಇಸ್ಕಂಡ್ ಬಂದಿದ್ದ, ಎರಡು ವರ್ಷ ಆತು. ಅವರ ಜಗಲಿ ಮೇಲೆ ಕುಂತ್ರೆ ಮಾತ್ರ ನಿನ್ ಗಂಡ ಬಾಯಿ ಮುಚ್ತಿರ್ಲಿಲ್ಲ ನೋಡು."

ಕರಿ ಕಂಬಳಿ ಬೀರುವಿನ ಮೇಲೆಯೇ ಇತ್ತು. ಅವನ ಬಟ್ಟೆಗಳನ್ನೆಲ್ಲ ಕೊಟ್ಟು ಕಳಿಸುವಾಗ ಅಷ್ಟು ಎತ್ತರಕ್ಕೆ ಯಾರ ಕಣ್ಣೂ ಹೋಗಿರಲಿಲ್ಲ. ಮಡಚಿ ಚೀಲಕ್ಕೆ ಹಾಕಿದೆ.

"ಸತ್ತೋರು ಹೊದ್ದಿದ್ದನ್ನ ಇನ್ನೊಬ್ಬರ ಮನೆಗೆ ಒಯ್ತಾರೇನೇ?" ಅತ್ತೆ ಎದ್ದು ನಿಂತರು. "ಇವತ್ತೇ ಹೊಸ್ಲು ದಾಟ್ಬೇಕಾ?"

"ಇದು ನಮ್ಮದಲ್ಲ ಅತ್ತೆ."

"ಹೋಗೋಳನ್ನ ಹಿಡಿಯೋರ್ಯಾರು. ಅವರ ಮನೆಯಾಗೆ ಏನೂ ಮುಟ್ಟಬ್ಯಾಡ."

ಬಸ್ಸಿನಲ್ಲಿ ಸೀಟಿದ್ದರೂ ಹಿರಿಯೂರಿನವರೆಗೆ ನಿಂತೇ ಹೋದೆ. ಕಂಬಳಿ ಚೀಲದಿಂದಲೂ ಚುಚ್ಚುತ್ತಿತ್ತು. ದಾವಣಗೆರೆಯಲ್ಲಿ ಎಂ.ಎ. ಓದುವಾಗ ನಿಜವಾದ ವಿಜಯರಂಗನನ್ನು ನೋಡಲು ಹೋಗಿದ್ದೆ. ವೇದಿಕೆಯ ಮೇಲೆ ಅವನು ನನ್ನ ಹೆಬ್ಬೆರಳಿಗಿಂತ ಚಿಕ್ಕದಾಗಿ ಕಂಡಿದ್ದ. ಉಳಿದಷ್ಟು ಹೊತ್ತು ಪಕ್ಕದ ಪರದೆಯನ್ನೇ ನೋಡಿದೆ. ಆದರೂ ವರ್ಷಗಟ್ಟಲೆ ಎಲ್ಲರಿಗೂ, ನಾನು ಅವನನ್ನು ನೋಡಿದ್ದೇನೆ ಎಂದು ಹೇಳಿಕೊಂಡಿದ್ದೇನೆ. ಗಂಡನ ಒಂದು ಕಾರ್ಯಕ್ರಮಕ್ಕೂ ಹೋಗಿಲ್ಲ.

ಯಲ್ಲದಕೆರೆಯಲ್ಲಿ ಮನೆ ಕೇಳಿಕೊಂಡು ಹೋದಾಗ ಪಾಲಯ್ಯ ಅಂಗಳದಲ್ಲಿ ಕುಂಟು ಕುರಿಯೊಂದರ ಗೊರಸಿಗೆ ಔಷಧಿ ಹಚ್ಚುತ್ತಿದ್ದರು. ಯಾರೆಂದು ಹೇಳಿದೆ. ಕುರಿಯನ್ನು ಬಿಟ್ಟು ಕೈ ಒರೆಸಿಕೊಂಡರು.

"ಜಗಲಿ ಮ್ಯಾಲೆ ಬಾರವ್ವ."

"ಬೇಡ. ನಿನ್ನೆ ತಾನೇ ಕಾರ್ಯ ಆಯ್ತು."

"ಕಂಬಳಿಗೆ ಮೈಲಿಗೆ ತಟ್ಟಲ್ಲ. ಕುಂತ್ಕ." ಹಳೆಯ ಕಂಬಳಿಯೊಂದನ್ನು ಹಾಸಿದರು. ಕೂತೆ. ಚೀಲ ತೊಡೆಯ ಮೇಲೇ ಇತ್ತು.

ಅದರಿಂದ ಇಣುಕುತ್ತಿದ್ದ ಕಂಬಳಿಯ ಅಂಚನ್ನು ನೋಡಿ ಅವರು ಗುರುತು ಹಿಡಿದರು. "ದೊಡ್ಡೋರು ಹಿರಿಯೂರಿಗೆ ಬಂದಾಗ ನಾನೇ ಹೊದಿಸಿದ್ದು ಅದನ್ನ. ನಮ್ಮ ಕುರಿ ಉಣ್ಣೇದು. ಚುಚ್ತೈತೆ ಅಂದ್ರು. ನಾಕು ಹಾಡು ಹಾಡಿ, ಕುರ್ಚಿ ಮ್ಯಾಲೇ ಬಿಟ್ಟು ಕಾರು ಹತ್ತಿದ್ರು. ಅವರ್ದೇನು ತಪ್ಪಿಲ್ಲ ಬಿಡು, ಸೆಕೆ. ನಿನ್ ಗಂಡ ಇದನ್ನ ಏಪ್ರಿಲ್ ತಿಂಗಳಾಗೆ ಹೊದ್ಕಂಡು ಹದ್ನೆಂಟು ಹಾಡು ಹಾಡ್ದ. ಬೆವರು ಪಾದಕ್ಕಿಳೀತಿತ್ತು. ತೆಗೆಯೋ ರಂಗಾ ಅಂದೆ, ನಾನು ಅವನ್ನ ಹಂಗೇ ಕರೀತಿದ್ದೆ. ತೆಗೆದ್ರೆ ನಾನ್ಯಾರು ಅಂತ ಗೊತ್ತಾಗ್ಬಿಡ್ತೈತೆ ಅಂದ."

"ನೀವು ಹೋಗ್ತಿದ್ದದ್ದು ನಮ್ಮವರನ್ನ ಕೇಳೋಕಾ, ವಿಜಯರಂಗನನ್ನ ಕೇಳೋಕಾ?"

"ಅದೇನು ಪರೀಕ್ಷೆನಾ? ದೊಡ್ಡೋರತ್ರ ಇನ್ನೊಂದು ಹಾಡು ಅಂದ್ರೆ ಸೆಕ್ಯುರಿಟಿಯೋನು ನೂಕ್ತಾನೆ. ಇವನಿಗೆ ಇನ್ನೊಂದು ಅಂದ್ರೆ ಇನ್ನೊಂದು."

ನಾನು ಎದ್ದೆ. ಮತ್ತೆ ಕೂತೆ. ಕೇಳಲು ಬಂದದ್ದನ್ನು ಕೇಳಿಬಿಟ್ಟೆ. "ಅವರು ಇಲ್ಲಿ ಮಾತಾಡುವಾಗ ದನಿ ಹೇಗಿತ್ತು?"

ಪಾಲಯ್ಯ ನನ್ನ ಮುಖ ನೋಡಿದರು. "ಹೆಂಗಿತ್ತು ಅಂದ್ರೆ... ಗಂಡಸರ ದನಿ ಇದ್ದಂಗೆ ಇತ್ತು."

"ಫೋನಲ್ಲಿ ಏನಾದ್ರೂ ಇದೆಯಾ?"

"ನಮ್ಮದು ಬಟನ್ ಫೋನವ್ವ."

ಅವರ ಹೆಂಡತಿ ಏಕನಾಥಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೈಯಲ್ಲಿ ಮಜ್ಜಿಗೆಯ ಲೋಟ. ಅವರು ತಲೆಯನ್ನು ಒಂದಿಷ್ಟು ವಾಲಿಸಿ, ಹುಬ್ಬು ಏರಿಸಿ, "ಏನಮ್ಮೋ, ಇವತ್ತೂ ಮಜ್ಜಿಗೆಗೆ ಉಪ್ಪು ಮರ್ತ್ರಾ?" ಅಂದರು.

ಅರವತ್ತು ದಾಟಿದ ಹೆಂಗಸಿನ ಒರಟು ಗಂಟಲು. ಆದರೆ 'ಏನಮ್ಮೋ' ಎನ್ನುವಾಗಿನ ಆ ಅವಸರ, 'ಮರ್ತ್ರಾ' ಎಂಬುದು ಮೇಲೇರಿ ತುದಿಯಲ್ಲಿ ಒಡೆಯುವುದು, ಅದು ದಯಾನಂದನೇ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದ ದಿನ ಹೀಗೆಯೇ ಮಾತಾಡಿದ್ದ.

"ಇವ್ಳು ಕುರಿ ಕೂಗಿದ್ರೂ ಹಂಗೇ ಕೂಗ್ತಾಳೆ" ಎಂದು ಪಾಲಯ್ಯ ನಕ್ಕರು.

"ಇನ್ನೊಂದ್ಸಲ ಹೇಳ್ರಿ."

ಹೇಳಿದರು. ಇನ್ನೊಂದು ಅಂದೆ. ಏಕನಾಥಮ್ಮ ಯೋಚಿಸಿದರು. ಈ ಸಲ ಬೇರೆಯದು.

"ನಮ್ಮನೆಯಾಕೆ ಎಂ.ಎ. ಮಾಡವ್ಳಮ್ಮೋ. ನನ್ನ ಹಾಡಿಗೆ ಪಾಸ್ ಮಾರ್ಕ್ಸೂ ಕೊಡಲ್ಲ. ಒಂದಿನ ಬರ್ತಾಳೆ, ಮುಂದಿನ ಸಾಲಾಗೆ ಕುಂತ್ಕಂತಾಳೆ, ಆವಾಗ ನೋಡ್ರಿ, ನನ್ ದನೀಲೇ ಒಂದು ಹಾಡ್ತೀನಿ."

ನಾನು ಅತ್ತುಬಿಟ್ಟೆ. ಕುಂಟು ಕುರಿ ಬಂದು ಚೀಲವನ್ನು ಮೂಸಿತು.

ಏಕನಾಥಮ್ಮ ಲೋಟ ನೀಡಿದಾಗ ಅತ್ತೆಯ ಮಾತು ನೆನಪಿತ್ತು. ಆದರೂ ಕುಡಿದೆ. ಉಪ್ಪು ಇರಲಿಲ್ಲ. ಹೇಳಲಿಲ್ಲ.

ಚೀಲದಿಂದ ಕಂಬಳಿ ತೆಗೆದು, ಎರಡೂ ಕೈಯಿಂದ ಪಾಲಯ್ಯನವರಿಗೆ ಕೊಟ್ಟೆ. "ಒಂದೇ ಪ್ರೋಗ್ರಾಮು ಅಂತ ತಂದಿದ್ದರಂತೆ. ತಡ ಆಯ್ತು."

ಅವರು ಅದನ್ನು ಕೊಡವಲಿಲ್ಲ. ಹಾಗೇ ಹೆಗಲಿಗೆ ಹಾಕಿಕೊಂಡರು.