ಕಿಟಕಿ ಪಕ್ಕದ ಮಂಚ

"ಬಾಯಿ ತೆರೀರಿ," ಎಂದಳು ನರ್ಸ್, ಮುಖ ನೋಡದೆ.

ಕಂಡಕ್ಟರಮ್ಮ ತೆರೆಯಲಿಲ್ಲ. ನಿವೃತ್ತಿಯಾಗುವವರೆಗೂ ಬಸ್ಸಿನಲ್ಲಿ ಒಬ್ಬರನ್ನೂ ವಿಚಾರಿಸದೆ ಬಿಟ್ಟವಳಲ್ಲ. ಇನ್ನು ಮಾತ್ರೆಯನ್ನು ಬಿಟ್ಟಾಳೆಯೇ? ಎಲ್ಲಿಗೆ ಹೊರಟಿದೆ, ಅಲ್ಲಿ ಏನು ಮಾಡುತ್ತದೆ ಎಂದು ಕೇಳದೆ ಒಂದನ್ನೂ ಒಳಗೆ ಹತ್ತಿಸಿಕೊಳ್ಳುತ್ತಿರಲಿಲ್ಲ. ಡಾಕ್ಟರಿಗೂ ಟಿಕೆಟ್ ಹರಿದುಕೊಡುವ ಪೈಕಿ ಇವಳು ಎಂದು ಗಂಡ ರೇಗಿಸುತ್ತಿದ್ದ.

"ಇದು ಯಾತಕ್ಕಮ್ಮ?"

"ನಿಮ್ಮ ಸೊಂಟದ ನೋವಿಗೆ. ಅಂದ ಹಾಗೆ, ನಿಮ್ಮ ಮಗಳು ಫೋನ್ ಮಾಡಿದ್ರು, ಸಂಜೆ ಬರ್ತಾರಂತೆ."

ಕಂಡಕ್ಟರಮ್ಮ ಆಸ್ಪತ್ರೆ ಸೇರಿದ್ದು ಸಕ್ಕರೆ ಕಾಯಿಲೆಯಿಂದ ಮಾಯದ ಕಾಲಿನ ಗಾಯಕ್ಕೆ. ಮಕ್ಕಳು ಅವಳಿಗೆ ಹುಟ್ಟಿರಲೇ ಇಲ್ಲ. ಬಿಸಿಲು ಬೆಳ್ಳಗೆ ಬಿದ್ದಿದ್ದ ಆ ಮಧ್ಯಾಹ್ನ, ತನ್ನ ಮೈಯೊಳಗೆ ಬೇರೆ ಯಾರೋ ಬಂದು ಕೂತಂತಾಗಿ ಅವಳಿಗೆ ಭಯವಾಯಿತು. ಇಲ್ಲದ ಸೊಂಟನೋವು ಒಂದು ಗಳಿಗೆ ನಿಜಕ್ಕೂ ಚುಳ್ಳೆಂದಿತು.

ಆಮೇಲೆ ನೆನಪಾಯಿತು. ಆ ವಾರ್ಡಿನಲ್ಲಿ ಯಾರಿಗೂ ಹೆಸರಿರಲಿಲ್ಲ. ಬಾಗಿಲು, ಕಂಬ, ಕಿಟಕಿ ಎಂದು ಮಂಚದ ಜಾಗದಿಂದಲೇ ಕರೆಯುತ್ತಿದ್ದರು. ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಅಜ್ಜಿಯೊಬ್ಬಳು ಬೆಳಿಗ್ಗೆ ಗೊಣಗಿದ್ದಳು. ಬಾಗಿಲ ಬಳಿಯ ತನ್ನ ಮಂಚವನ್ನು ಇವಳೇ ಬಿಟ್ಟುಕೊಟ್ಟಿದ್ದಳು, ಬಸ್ಸಿನಲ್ಲಿ ಸೀಟು ಬದಲಾಯಿಸಿದಷ್ಟೇ ಸಲೀಸಾಗಿ. ಯಾರಿಗಾದರೂ ಹೇಳಬೇಕೆಂದು ಹೊಳೆದಿರಲಿಲ್ಲ.

"ಬಾಗಿಲ ಹತ್ತಿರದವರಿಗೆ ಏನು ಕೊಟ್ರಿ?"

"ಸಕ್ಕರೆ ಕಾಯಿಲೆಗೆ ಇಂಜೆಕ್ಷನ್. ಅಲ್ಲಿಂದಲೇ ಶುರು ಮಾಡಿದ್ದು."

"ಅದು ನಂದು."

ಬ್ಯಾಂಡೇಜಿನ ಕಾಲನ್ನು ಎಳೆಯುತ್ತಾ ಅವಳು ವಾರ್ಡಿನ ಉದ್ದಕ್ಕೂ ಓಡಿದಳು. ಅಜ್ಜಿಯ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು, ಕೈ ತಣ್ಣಗಿತ್ತು. ಆ ಬೆವರಿನ ಪರಿಚಯ ಕಂಡಕ್ಟರಮ್ಮನಿಗಿತ್ತು. ಸಕ್ಕರೆ ಇಳಿದು ತಾನೇ ಅದರಲ್ಲಿ ತೊಯ್ದವಳು. ಯಾವ ಇಂಜೆಕ್ಷನ್ ಅಂತ ಕೇಳಲಿಲ್ಲವೇ ಎಂದು ಅವಳ ಭುಜ ಅಲುಗಿಸಿದಳು.

"ಕೊಡೋರಿಗೆ ಗೊತ್ತಿರಲ್ವೇನೇ ತಾಯಿ," ಎಂದು ಅಜ್ಜಿ ತೊದಲುತ್ತಾ ನಕ್ಕಳು. "ದೀಪ ಯಾಕೆ ಆರಿಸಿದ್ರಿ?"

ತೆರೆದ ಬಾಗಿಲಿಂದ ಬಂದ ಬಿಸಿಲು ಅವಳ ಹೊದಿಕೆಯ ಮೇಲೆಯೇ ಬಿದ್ದಿತ್ತು.

ನರ್ಸ್ ಕೂಗಿಗೆ ಡಾಕ್ಟರ್ ಓಡಿ ಬಂದರು. ಕಂಡಕ್ಟರಮ್ಮ ಒಂದನ್ನೂ ಮುಚ್ಚಿಡದೆ ಹೇಳಿದಳು: ಮಂಚ ಬದಲಾಯಿಸಿಕೊಂಡಿದ್ದು ತಾವಿಬ್ಬರೇ, ಅಜ್ಜಿಗೆ ಸಕ್ಕರೆ ಕಾಯಿಲೆ ಇಲ್ಲ, ಊಟವೂ ಇನ್ನೂ ಆಗಿಲ್ಲ. ನರದಲ್ಲಿ ಗ್ಲೂಕೋಸ್ ಇಳಿಯತೊಡಗಿತು. ಅಜ್ಜಿಯ ಕಣ್ಣು ಮೆಲ್ಲಗೆ ಬೆಳಕಿನ ಕಡೆ ತಿರುಗುವವರೆಗೂ ಕಂಡಕ್ಟರಮ್ಮ ಆ ತಣ್ಣನೆಯ ಕೈ ಬಿಡಲಿಲ್ಲ. ಬಾಯಿ ತುಂಬ ಪ್ರಶ್ನೆ ಕೇಳುವ ತಾನು ಹೇಳಬೇಕಾದ ಒಂದೇ ಮಾತನ್ನು ಹೇಳದೆ ಹೋದೆನಲ್ಲ ಎಂದು ಅಳು ಬಂತು.

ಸಂಜೆ ಮಾತ್ರೆಯ ಗಾಡಿ ಮತ್ತೆ ಬಂತು. ನರ್ಸ್ ಬಾಗಿಲಿಂದ ಶುರು ಮಾಡಿ ಒಬ್ಬೊಬ್ಬರ ಅಂಗೈಗೂ ಮಾತ್ರೆ ಹಾಕುತ್ತಾ ಕಿಟಕಿಯವರೆಗೆ ನಡೆದಳು. ನೀರು ಕುಡಿದ ಸದ್ದು ಎಲ್ಲೂ ಕೇಳಿಸಲಿಲ್ಲ. ತಿರುಗಿ ನೋಡಿದಳು.

ಸಾಲಿನುದ್ದಕ್ಕೂ ಅಂಗೈಗಳು ತೆರೆದೇ ಇದ್ದವು, ಮಾತ್ರೆಗಳು ಬೆಳ್ಳಗೆ ಕಾಣುತ್ತಿದ್ದವು. ಬಾಗಿಲ ಬಳಿ ಅಜ್ಜಿಯೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಎಲ್ಲರೂ ನರ್ಸಿನ ಮುಖವನ್ನೇ ನೋಡುತ್ತಿದ್ದರು.