ಮೂರು ಬಾಟಲಿ, ಒಂದೇ ಹಳದಿ

ಬೆಳಗ್ಗೆ ಎಂಟು ನಲವತ್ತಕ್ಕೆ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಸಿಂಕಿನಲ್ಲಿ ಮೂರು ಲೇಬಲ್ಲುಗಳು ತೇಲುತ್ತಿದ್ದವು. ಹತ್ತಕ್ಕೆ ಪ್ರಾಯೋಗಿಕ ಪರೀಕ್ಷೆ. ಬಾಟಲಿಗಳು ಫಳಫಳ ಹೊಳೆಯಲಿ ಎಂದು ನೆನೆಹಾಕಿದವನು ಅಟೆಂಡರೇ.

ಹೋದ ವಾರ ಅವನು ಬಟ್ಟಿ ಇಳಿಸಿದ ನೀರನ್ನೆಲ್ಲ ಹೂಕುಂಡಕ್ಕೆ ಸುರಿದಾಗ ರಸಾಯನಶಾಸ್ತ್ರದ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: ಇನ್ನೊಂದು ಎಡವಟ್ಟಾದರೆ ಉಗ್ರಾಣದ ಕೀಲಿಕೈ ವಾಪಸ್. ಹತ್ತೊಂಬತ್ತು ವರ್ಷ ಅವನ ಸೊಂಟದಲ್ಲಿ ತೂಗಿದ ಕೀಲಿಕೈ ಅದು.

ಕ್ಯಾಂಟೀನ್ ನಡೆಸುವ ಅವನ ಅತ್ತಿಗೆ ಚಹಾ ತಂದವಳು ಬಾಗಿಲಲ್ಲೇ ನಿಂತಳು.

"ಮೂರೂ ಬಿಳಿ ಪುಡಿ. ಯಾವುದು ಯಾವ್ದು ಅಂತ ರುಚಿ ನೋಡಿ ಹೇಳ್ಲಾ?"

"ಬೇಡ ಅತ್ತಿಗೆ! ಆಮೇಲೆ ಅಣ್ಣನಿಗೆ ಏನಂತ ಹೇಳ್ಲಿ? ಬೆಂಕಿನೇ ಹೇಳತ್ತೆ, ನೋಡ್ತಾ ಇರಿ."

ಅವನು ಬರ್ನರ್ ಹಚ್ಚಿದ. ಗೋಡೆಯಾಚೆಯಿಂದ ಹತ್ತೊಂಬತ್ತು ವರ್ಷ ಕೇಳಿದ ಪಾಠ ಅವನಿಗೆ ಬಾಯಿಪಾಠ. "ಪರಮಾಣು ಒಳಗೆ ಎಲೆಕ್ಟ್ರಾನಿಗೆ ಮೆಟ್ಟಿಲು ಇರತ್ತೆ. ಬಿಸಿ ತಾಗಿದ್ರೆ ಮೇಲಕ್ಕೆ ಹಾರತ್ತೆ, ಇಳಿಯೋವಾಗ ಬೆಳಕು ಬಿಡತ್ತೆ. ಸೋಡಿಯಂ ಹಳದಿ, ಸ್ಟ್ರಾನ್ಷಿಯಂ ಕೆಂಪು, ಪೊಟ್ಯಾಶಿಯಂ ತಿಳಿ ನೇರಳೆ."

"ನಡುವೆ ಸ್ವಲ್ಪ ಸುಧಾರಿಸ್ಕೊಳ್ಳೋದಿಲ್ವಾ?"

"ನಡುವೆ ಮೆಟ್ಟಿಲೇ ಇಲ್ಲ."

"ಮೆಟ್ಟಿಲ ಮೇಲೆ ಎಲ್ಲಿ ಕೂತಿರತ್ತೆ?"

"ಹೀಗೇ ಅಂತ ಹೇಳೋಕಾಗಲ್ಲ. ಮೋಡದ ಥರ ಹರಡಿರತ್ತೆ."

"ನಿಮ್ಮಣ್ಣನ ಥರ ಅನ್ನು. ಮನೇಲೇ ಇರ್ತಾರೆ, ಕೆಲಸಕ್ಕೆ ಕರೆದ್ರೆ ಎಲ್ಲಿದಾರೆ ಅಂತ ಗೊತ್ತಾಗಲ್ಲ."

ಅವನು ಜ್ವಾಲೆ ಪರೀಕ್ಷೆಯ ತಂತಿಯನ್ನು ಬೆರಳಲ್ಲಿ ಒರೆಸಿ, ಮೊದಲ ಪುಡಿಗೆ ಅದ್ದಿ ಬೆಂಕಿಗೆ ಹಿಡಿದ. ಜ್ವಾಲೆ ಹಳದಿಯಾಯಿತು. ಎರಡನೆಯದೂ ಹಳದಿ. ಮೂರನೆಯದೂ ಹಳದಿ. ಅವನ ಮುಖ ಬಿಳಿಚಿಕೊಂಡಿತು.

"ಎಲ್ಲಾ ಒಂದೇ ಮೆಟ್ಟಿಲಿಂದ ಬಿದ್ವಾ?" ಅತ್ತಿಗೆ ನಕ್ಕಳು. ಆಮೇಲೆ ಅವನ ಕೈ ನೋಡಿದಳು. "ಬೆಳಗ್ಗೆ ನನ್ನ ಡಬ್ಬಿ ಇಲ್ಲಿಗೇ ತಂದು ಉಪ್ಪುಗಡಲೆ ಮುಕ್ಕಿದ್ಯಲ್ಲ, ಕೈ ತೊಳ್ದಿದ್ಯಾ?"

ಉಪ್ಪೆಂದರೆ ಸೋಡಿಯಂ. ಚಿಟಿಕೆಯಷ್ಟಿದ್ದರೂ ಸಾಕು, ಅದರ ಹಳದಿ ಉಳಿದ ಬಣ್ಣಗಳನ್ನು ನುಂಗಿಬಿಡುತ್ತದೆ. ಅವನು ಹಣೆ ಚಚ್ಚಿಕೊಂಡು ಮೊಣಕೈವರೆಗೆ ತೊಳೆದುಕೊಂಡ. ತಂತಿಯನ್ನು ಆಮ್ಲದಲ್ಲಿ ಅದ್ದಿ, ಜ್ವಾಲೆಗೆ ಹಿಡಿದು, ಬಣ್ಣ ಹೋಗುವವರೆಗೆ ಸುಟ್ಟ. ಈ ಸಲ ಮೊದಲನೆಯದು ಕೆಂಪು, ಎರಡನೆಯದು ತಿಳಿ ನೇರಳೆ, ಮೂರನೆಯದು ಹಳದಿ.

ಕೊನೆಯ ಲೇಬಲ್ ಅಂಟಿಸುತ್ತಿರುವಾಗಲೇ ಮೇಡಂ ಬಂದರು. ಬೆರಳಿಟ್ಟು ನೋಡಿದರೆ ಶಾಯಿ ಹಸಿ.

"ಹಳೇ ಲೇಬಲ್ ಎಲ್ಲಿ?"

ಅವನು ಸೊಂಟದ ಕೀಲಿಕೈ ಮುಟ್ಟಿಕೊಂಡ. "ಸಿಂಕಲ್ಲಿದೆ ಮೇಡಂ. ನಾನೇ ನೆನೆಹಾಕಿದ್ದು."

ಮೇಡಂ ತಮ್ಮ ತಂತಿ ತೆಗೆದು ಮೂರನ್ನೂ ಪರೀಕ್ಷಿಸಿದರು. ಮೂರೂ ಸರಿಯಿದ್ದವು. ಮೇಜಿನ ಅಂಚಿನಲ್ಲಿ ಬಿದ್ದಿದ್ದ ಕಡಲೆ ಸಿಪ್ಪೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಮೊದಲ ಸಲ ಎಲ್ಲಾ ಹಳದಿನೇ ಬಂತಾ?"

"ಹೂಂ ಮೇಡಂ."

ಹತ್ತಕ್ಕೆ ಪರೀಕ್ಷೆ ಶುರುವಾಯಿತು. ಕೀಲಿಕೈ ಅವನ ಸೊಂಟದಲ್ಲೇ ಉಳಿಯಿತು. ಅತ್ತಿಗೆಯ ಕಡಲೆ ಡಬ್ಬಿ ಮಾತ್ರ ಜಪ್ತಿಯಾಗಿ ಮೇಡಂ ಮೇಜಿಗೆ ಹೋಯಿತು.